ನ್ಯೂ ಫಾರೆಸ್ಟ್‌ನಲ್ಲಿ ಎರಡು ದಿನ: ನಡಿಗೆಗೆ ಪೂರ್ತಿ ಅಂಕ, ಸವಾರಿಗೆ ಸ್ವಲ್ಪ ಕಡಿಮೆ

ಇಂಗ್ಲೆಂಡಿನ ದಕ್ಷಿಣದಲ್ಲಿರುವ ನ್ಯೂ ಫಾರೆಸ್ಟ್ ಕಾಡಿನ ನಡುವಿನ ಬ್ರಾಕನ್‌ಹರ್ಸ್ಟ್ ಸ್ಟೇಷನ್ನಿನಿಂದ ಹೊರಗೆ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ರಸ್ತೆ ನಡುವೆ ಒಂದು ಕಂದು ಕುದುರೆ ನಿಂತಿತ್ತು. ಹಗ್ಗ ಇಲ್ಲ, ಲಗಾಮು ಇಲ್ಲ, ಜೊತೆಗೆ ಯಾರೂ ಇಲ್ಲ. ಅದರ ಹಿಂದೆ ಮೂರು ಕಾರು ಕಾಯುತ್ತಿದ್ದವು. ಒಬ್ಬರೂ ಹಾರನ್ ಹೊಡೆಯಲಿಲ್ಲ. ಕುದುರೆ ತನಗೆ ಬೇಕಾದಾಗ ಪಕ್ಕಕ್ಕೆ ಹೋಯಿತು, ಆಮೇಲೆ ಕಾರುಗಳು ಹೊರಟವು. ಈ ಕಾಡು ನನಗೆ ಇಷ್ಟವಾಗಿದ್ದು ಅಲ್ಲಿಂದಲೇ.

ಅಕ್ಟೋಬರ್ ಕೊನೆಯ ವಾರ ಮಗಳಿಗೆ ಶಾಲೆ ರಜೆ ಇತ್ತು. ಅವಳಿಗೆ ಹನ್ನೊಂದು ವರ್ಷ, ಕುದುರೆ ಅಂದರೆ ಪ್ರಾಣ. ನನಗೆ ನಡೆಯುವುದು ಇಷ್ಟ. ನಮ್ಮವರಿಗೆ ಎರಡೂ ಸರಿ. ಲಂಡನ್ನಿನ ವಾಟರ್‌ಲೂದಿಂದ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆ. ಇಳಿದ ಕಡೆಯಿಂದಲೇ ಕಾಡಿಗೆ ನಡೆದು ಹೋಗಬಹುದು. ಎರಡು ದಿನಕ್ಕೆ ನಮಗೆ ಕಾರು ಬೇಕಾಗಲೇ ಇಲ್ಲ.

ಮೊದಲ ದಿನ ಓಬರ್ ವಾಟರ್ ಅನ್ನುವ ಹೊಳೆಯ ಕಡೆಯಿಂದ ರೈನ್‌ಫೀಲ್ಡ್‌ವರೆಗೆ ನಡೆದೆವು. ಹೊಳೆಯ ನೀರು ಹಾಲು ಹಾಕದ ಚಹಾದ ಬಣ್ಣ. ಕೊಳಕಲ್ಲ, ಅಲ್ಲಿನ ಮಣ್ಣೇ ಹಾಗೆ. ದಡದ ಹುಲ್ಲನ್ನು ಯಾರೋ ಕತ್ತರಿಸಿದಷ್ಟು ಸಮ. ಅದೆಲ್ಲ ಕುದುರೆ, ದನಗಳು ಮೇದು ಮಾಡಿದ್ದು. ಮಗಳು ಒಂದು ಬೂದು ಕುದುರೆಯನ್ನು ತುಂಬ ಹೊತ್ತು ನೋಡಿ ಕೇಳಿದಳು, "ಅಮ್ಮಾ, ಇದರ ಬಾಲ ಯಾರು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದು?"

ಆ ಬಾಲದಲ್ಲೇ ಈ ಕಾಡಿನ ಅರ್ಧ ಕಥೆ ಇದೆ. ಇಲ್ಲಿ ಸುಮಾರು ಐದು ಸಾವಿರ ಕುದುರೆಗಳಿವೆ. ನೋಡಲು ಕಾಡುಕುದುರೆ ಅನ್ನಿಸುತ್ತವೆ, ಆದರೆ ಒಂದೊಂದಕ್ಕೂ ಮಾಲೀಕರಿದ್ದಾರೆ. ಅವರಿಗೆ ಕಾಮನರ್ ಅನ್ನುತ್ತಾರೆ. 1079ರಲ್ಲಿ ದೊರೆ ವಿಲಿಯಂ ತನ್ನ ಬೇಟೆಗೆಂದು ಈ ಜಾಗ ಇಟ್ಟುಕೊಂಡ. ಆದರೆ ಸುತ್ತಲಿನ ಜನರ ಮೇಯಿಸುವ ಹಕ್ಕು ಪೂರ್ತಿ ಹೋಗಲಿಲ್ಲ, ಇವತ್ತಿಗೂ ಇದೆ. ಗೋಮಾಳ ಅಂದರೆ ನಮಗೆ ಗೊತ್ತಲ್ಲ, ಹೆಚ್ಚುಕಡಿಮೆ ಆ ಥರ. ಮೇಯಿಸಲು ವರ್ಷಕ್ಕೊಂದು ಶುಲ್ಕ. ಅದು ಕಟ್ಟಿದ ಗುರುತಿಗೆ ಅಜಿಸ್ಟರ್ ಅನ್ನುವ ನೌಕರರು ಬಾಲದ ಕೂದಲು ಕತ್ತರಿಸುತ್ತಾರೆ. ಒಬ್ಬೊಬ್ಬ ಅಜಿಸ್ಟರ್‌ಗೆ ಒಂದೊಂದು ಪ್ರದೇಶ, ಬಾಲ ಕತ್ತರಿಸುವ ಬಗೆಯೂ ಒಂದೊಂದು. ಕುದುರೆ ಯಾವ ಕಡೆಯದು ಅಂತ ಬಾಲ ನೋಡಿದರೆ ಗೊತ್ತಾಗುತ್ತದೆ. ಯಾರ ಕುದುರೆ ಅನ್ನುವುದಕ್ಕೆ ಮೈ ಮೇಲೆ ಬರೆ ಇರುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ ವರ್ಡರರ್‌ಗಳ ಕೋರ್ಟು ಲಿಂಡ್‌ಹರ್ಸ್ಟ್‌ನಲ್ಲಿ ಈಗಲೂ ಕೂರುತ್ತದೆ. 2005ರಲ್ಲಿ ರಾಷ್ಟ್ರೀಯ ಉದ್ಯಾನ ಆದಮೇಲೂ ಈ ಕ್ರಮ ನಿಂತಿಲ್ಲ. ಮಗಳು ಆಮೇಲೆ ಸಿಕ್ಕ ಪ್ರತಿ ಕುದುರೆಯ ಹಿಂದೆ ಹೋಗಿ ಬಾಲ ನೋಡಿದಳು. ದೂರ ನಿಂತು ನೋಡು ಅಂತ ನಾನು ಹೇಳುತ್ತಲೇ ಇದ್ದೆ.

ದೂರ ನಿಲ್ಲುವುದು ಇಲ್ಲಿ ನಿಯಮವೇ. ಕುದುರೆಗಳಿಗೆ ತಿನ್ನಲು ಕೊಡುವುದನ್ನೂ ಮುಟ್ಟಿ ಸವರುವುದನ್ನೂ 2023ರಲ್ಲಿ ನಿಷೇಧಿಸಿದ್ದಾರೆ, ದಂಡ ಬೀಳುತ್ತದೆ. ಆದರೂ ಒಂದು ಕಾರ್ ಪಾರ್ಕಿನಲ್ಲಿ ಒಬ್ಬರು ಕಿಟಕಿಯಿಂದ ಕ್ಯಾರೆಟ್ ಕೊಡುತ್ತಿದ್ದರು. ನೋಡಿ ಬೇಜಾರಾಯಿತು. ತಿಂಡಿಯ ರುಚಿ ಹತ್ತಿದ ಕುದುರೆ ರಸ್ತೆಗೇ ಬಂದು ನಿಲ್ಲುತ್ತದೆ. ಬೇಲಿ ಇಲ್ಲದ ರಸ್ತೆಗಳಲ್ಲಿ ಗಂಟೆಗೆ 40 ಮೈಲಿಗಿಂತ ಜಾಸ್ತಿ ಓಡಿಸುವಂತಿಲ್ಲ, ಕತ್ತಲಲ್ಲಿ ಹೊಳೆಯುವ ಪಟ್ಟಿಯನ್ನು ಕೆಲವು ಕುದುರೆಗಳ ಕುತ್ತಿಗೆಗೆ ಕಟ್ಟಿರುತ್ತಾರೆ. ಇಷ್ಟಿದ್ದರೂ ಪ್ರತಿ ವರ್ಷ ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತವೆ. ಒಂದು ಕ್ಯಾರೆಟ್ ಚಿಕ್ಕ ವಿಷಯ ಅಲ್ಲ.

ರೈನ್‌ಫೀಲ್ಡ್‌ನ ಟಾಲ್ ಟ್ರೀಸ್ ದಾರಿ ಮಂಡಿ ನೋವಿನವರಿಗೂ ಆಗುತ್ತದೆ. ಸಮನಾದ ಜಲ್ಲಿ ದಾರಿ, ಎರಡೂವರೆ ಕಿ.ಮೀ. ಒಳಗೇ. ಎರಡೂ ಕಡೆ 1850ರ ದಶಕದಲ್ಲಿ ನೆಟ್ಟ ಮರಗಳು. ಅದರಲ್ಲಿ ಎರಡು ದೈತ್ಯ ಸಿಕೋಯಾ ಮರ 50 ಮೀಟರಿಗಿಂತ ಎತ್ತರ. ತೊಗಟೆ ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗೆ. ಮೂವರೂ ಅಲ್ಲೇ ಕತ್ತೆತ್ತಿಕೊಂಡು ಎಷ್ಟು ಹೊತ್ತು ನಿಂತೆವೋ.

ಅದೇ ಸಂಜೆ ದಾರಿ ತಪ್ಪಿದೆವು. ಗುರುತು ಹಾಕಿದ ದಾರಿ ಬಿಟ್ಟು ತೆರೆದ ಬಯಲಿಗೆ ಬಂದರೆ ಬೋರ್ಡು ಬಹಳ ಕಡಿಮೆ. ಕುದುರೆ ನಡೆದು ಆದ ಜಾಡುಗಳು ನೂರಾರು, ಎಲ್ಲವೂ ದಾರಿಯ ಹಾಗೇ ಕಾಣುತ್ತವೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ವಾರ ಅದು, ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನಿಜವಾಗಿಯೂ ಹೆದರಿದೆ. ರೈಲಿನ ಸದ್ದು ಕೇಳಿಸಿದ್ದರಿಂದ ದಿಕ್ಕು ಸಿಕ್ಕಿತು. ಮರುದಿನ ಬೆಳಿಗ್ಗೆ ಮೊದಲ ಕೆಲಸವಾಗಿ ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೇ ಮಾಡಿದ ಈ ಕಾಡಿನ ನಕ್ಷೆ, ಒಎಲ್22, ಕೊಂಡೆ. ನೀವು ಹೋಗುವ ಮೊದಲೇ ಕೊಳ್ಳಿ.

ಈಗ ಸವಾರಿ. ಎರಡನೇ ದಿನಕ್ಕೆ ಒಂದು ಗಂಟೆಯ ಸವಾರಿಯನ್ನು ಮೂವರಿಗೂ ಫೋನಿನಲ್ಲಿ ಬುಕ್ ಮಾಡಿದ್ದೆ. ಹೆಸರು, ವಯಸ್ಸು, ಮೊದಲು ಸವಾರಿ ಮಾಡಿದ್ದೀರಾ ಅಂತೆಲ್ಲ ಕೇಳಿದರು, ಹಣವನ್ನೂ ತೆಗೆದುಕೊಂಡರು. ತೂಕ ಮಾತ್ರ ಕೇಳಲಿಲ್ಲ. ಲಾಯಕ್ಕೆ ಹೋದಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅಲ್ಲಿನ ಮಿತಿ 80 ಕೆ.ಜಿ., ನಮ್ಮವರದ್ದು 88. ಅವರನ್ನು ಹತ್ತಿಸಲಿಲ್ಲ. ಅದೇ ದಿನ ರದ್ದಾದರೆ ಹಣ ವಾಪಸ್ ಇಲ್ಲ ಅಂದರು. ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಕುದುರೆಯ ಬೆನ್ನು ಅದು, ಮಿತಿ ಇರಲೇಬೇಕು. ಆದರೆ ಫೋನಿನಲ್ಲೇ ಒಂದು ಮಾತು ಕೇಳಬಹುದಿತ್ತು ಅಲ್ವಾ? ಅಷ್ಟು ಜನರ ಮುಂದೆ ನಮ್ಮವರ ಮುಖ ಸಣ್ಣಗಾಯಿತು. ಆ ಐವತ್ತು ಪೌಂಡಿಗಿಂತ ನನಗೆ ಅದೇ ಜಾಸ್ತಿ ನೋವು.

ಸವಾರಿ ಮಾತ್ರ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಕಲಿಯದವರಿಗೆ ಬರೀ ನಡಿಗೆ, ಒಂದರ ಹಿಂದೆ ಒಂದು ಕುದುರೆ, ಮುಂದೆ ಒಬ್ಬರು ಮಾರ್ಗದರ್ಶಿ. ಓಡಿಸುವ ಆಸೆ ಇದ್ದವರು ಮೊದಲೇ ಕಲಿತು ಹೋಗಬೇಕು. ಮಗಳಿಗೆ ಇದೇ ಕಾಡಿನ ತಳಿಯ ಕುದುರೆ ಕೊಟ್ಟರು. ಈ ತಳಿ 148 ಸೆಂ.ಮೀ. ಮೀರುವಂತಿಲ್ಲ, ಮಕ್ಕಳ ಕೈಗೆ ಸರಿಯಾದ ಎತ್ತರ. ಜೀನಿನ ಮೇಲಿಂದ ಬಯಲು ಬೇರೆಯೇ ಕಾಣುತ್ತದೆ. ಮುಳ್ಳಿನ ಗಾರ್ಸ್ ಪೊದೆಗಳ ಆಚೆಗೂ ಕಣ್ಣು ಹೋಗುತ್ತದೆ. ಒಂದು ಕಡೆ ಎಳೆ ಹಸಿರಿನ ಚೆಂದದ ಜಾಗ ಕಂಡಿತು. ಮಾರ್ಗದರ್ಶಿ ಅದನ್ನು ದೂರದಿಂದ ಬಳಸಿಕೊಂಡು ಹೋದರು. ಅದು ಹುಲ್ಲಲ್ಲ, ಜೌಗು. ಕುದುರೆ ಕಾಲಿಟ್ಟರೆ ಹೂತುಹೋಗುತ್ತದೆ. ಅಲ್ಲೇ ಹುಟ್ಟಿದ ಕುದುರೆಗಳಿಗೆ ಅದು ಗೊತ್ತು, ನಮಗೆ ಗೊತ್ತಾಗುವುದಿಲ್ಲ.

ಸವಾರಿ ಮಾಡಿದ ಮೇಲೆ ನಡೆಯುವ ನನ್ನ ಕ್ರಮವೂ ಬದಲಾಯಿತು. ಇಲ್ಲಿ ನಡೆಯುವವರೂ ಸವಾರರೂ ಬಹುತೇಕ ಎಲ್ಲ ಕಡೆ ಹೋಗಬಹುದು, ಸೈಕಲ್ಲಿಗೆ ಮಾತ್ರ ಗುರುತಿಸಿದ ದಾರಿಗಳು. ಎದುರಿಗೆ ಸವಾರರು ಬಂದರೆ ಪೊದೆಯ ಮರೆಗೆ ಸರಿಯಬೇಡಿ. ಕುದುರೆಗೆ ಕಾಣುವ ಹಾಗೆ ಪಕ್ಕದಲ್ಲಿ ನಿಂತು, ಸುಮ್ನೆ ಒಂದು ನಮಸ್ಕಾರ ಹೇಳಿ. ದನಿ ಕೇಳಿದರೆ ಇದು ಮನುಷ್ಯ ಅಂತ ಕುದುರೆಗೆ ಸಮಾಧಾನ. ನನ್ನನ್ನು ಹೊತ್ತ ಕುದುರೆ ಬೆದರಿದ್ದು ಒಂದೇ ಸಲ, ಮರದ ಹಿಂದೆ ಸದ್ದಿಲ್ಲದೆ ನಿಂತಿದ್ದ ಒಬ್ಬರನ್ನು ಕಂಡು.

ಹಂದಿಗಳನ್ನು ಮರೆಯುವ ಹಾಗಿಲ್ಲ. ಶರತ್ಕಾಲದಲ್ಲಿ ಅವನ್ನೂ ಕಾಡಿಗೆ ಬಿಡುತ್ತಾರೆ, ಓಕ್ ಮರದ ಕಾಯಿ ತಿನ್ನಲು. ಹಸಿ ಕಾಯಿ ಕುದುರೆಗೂ ದನಕ್ಕೂ ವಿಷ, ಹಂದಿಗೆ ಹಬ್ಬ. ನಾವು ಒಂದು ಮರದ ಕೆಳಗೆ ಕೂತಿದ್ದಾಗ ಏಳೆಂಟು ಬಂದು ಸುತ್ತಲೂ ಕರಕರ ಅಂತ ಅಗಿದವು. ನಾವೇ ಎದ್ದು ಜಾಗ ಬಿಟ್ಟೆವು.

ಗಂಬೂಟು ಅಥವಾ ನೀರಿಳಿಯದ ಶೂ ಬೇಕೇ ಬೇಕು. ಕಾಲು ಮುಚ್ಚುವ ಪ್ಯಾಂಟು ಹಾಕಿ, ರಾತ್ರಿ ಮೈಯೆಲ್ಲ ನೋಡಿಕೊಳ್ಳಿ. ಉಣ್ಣೆ ಹುಳು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಕಾಡಿನೊಳಗೆ ಶೌಚಾಲಯ ಅಲ್ಲಲ್ಲಿ ಮಾತ್ರ.

ಮೇ ತಿಂಗಳಲ್ಲಿ ಕುದುರೆ ಮರಿಗಳನ್ನು ನೋಡಲು ಮತ್ತೆ ಹೋಗುತ್ತಿದ್ದೇವೆ. ಆಗ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲ, ಹಾಗಾಗಿ ಬಯಲಿಗೆ ಇಳಿಯದೆ ದೊಡ್ಡ ದಾರಿಯಲ್ಲೇ ನಡೆಯಬೇಕು. ಮಗಳಿಗೆ ಬೇರೆ ಲಾಯದಲ್ಲಿ ಬುಕ್ ಮಾಡಿದ್ದೇನೆ, ಮಿತಿ ಎಷ್ಟು ಅಂತ ನಾನೇ ಕೇಳಿ ತಿಳಿದುಕೊಂಡೆ. ಅವಳು ಸವಾರಿ ಮುಗಿಸುವಷ್ಟರಲ್ಲಿ ನಾನೂ ನಮ್ಮವರೂ ಓಬರ್ ವಾಟರ್ ದಡದಲ್ಲಿ ನಡೆದು ಬರುತ್ತೇವೆ.