ದಾವಣಗೆರೆ ಅಂಗಡಿಯವರೇ, ಮಾಲ್ ಗೋಡೆಗೆ ದುಡ್ಡು ಕೊಡೋ ಮುಂಚೆ ಪರ್ಮಿಷನ್ ಪೇಪರ್ ಪೂರ್ತಿ ಓದಿ

ನಿನ್ನೆ ಸಂಜೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗುವಾಗ ನೋಡಿದೆ. ನಾನು ಅಂಗಡಿ ಜಾಹೀರಾತು ಹಾಕಿಸಿ ದುಡ್ಡು ಕಳೆದುಕೊಂಡ ಅದೇ ಮಾಲ್, ಅದೇ ಗೋಡೆ, ಮತ್ತೆ ಜಾಹೀರಾತಿಗೆ ಕಬ್ಬಿಣದ ಫ್ರೇಮ್ ಕೂರಿಸುತ್ತಿದ್ದಾರೆ. ಅಂದರೆ ಇನ್ಯಾರೋ ಅಂಗಡಿಯವರು ಆಗಲೇ ದುಡ್ಡು ಕೊಟ್ಟಿದ್ದಾರೆ. ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ದಿನ ನಾಚಿಕೆಗೆ ಸುಮ್ಮನಿದ್ದೆ, ನಾಲ್ಕು ಜನರಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೋ ಅಂತ. ನಿನ್ನೆ ಆ ಫ್ರೇಮ್ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಮಂಡಿಪೇಟೆ ಕಡೆ ನಮ್ಮದು ಚಿಕ್ಕ ಮಕ್ಕಳ ಬಟ್ಟೆ ಅಂಗಡಿ. 14 ವರ್ಷ ಆಯಿತು. ಆಟೋ ಹಿಂದೆ ಸ್ಟಿಕ್ಕರ್, ದುಗ್ಗಮ್ಮನ ಜಾತ್ರೆ ಟೈಮಲ್ಲಿ ಕರಪತ್ರ, ಇಷ್ಟೇ ನಮ್ಮ ಪ್ರಚಾರ. ಈ ಸಲ ಯುಗಾದಿಗೆ ಸ್ಟಾಕ್ ಜಾಸ್ತಿ ತರಿಸಿದ್ದೆವು, ಸೂರತ್ತಿನಿಂದ. ಒಂದು ದೊಡ್ಡ ಜಾಹೀರಾತು ಹಾಕಿಸೋಣ ಅಂದಿದ್ದು ನಾನೇ. ನಮ್ಮನೆಯವರು ಬೇಡ ಅಂದಿದ್ದರು. ಅವರ ಮಾತು ಕೇಳಬೇಕಿತ್ತು.

ಜಾಹೀರಾತು ಏಜೆನ್ಸಿ ಹುಡುಗ ಅಂಗಡಿಗೇ ಬಂದ. ಒಳ್ಳೆ ಮಾತುಗಾರ. "ಅಕ್ಕಾರೆ, ಮಾಲ್‌ದು ಸೈಡ್ ಗೋಡೆ ಖಾಲಿ ಐತಿ, ಪಾರ್ಕಿಂಗ್‌ಗೆ ಹೋಗೋರು ಬರೋರು ಎಲ್ಲಾ ಅದನ್ನೇ ನೋಡ್ತಾರ" ಅಂದ. ಮೂವತ್ತು ಅಡಿ ಉದ್ದ, ಹದಿನೈದು ಅಡಿ ಎತ್ತರ. ಮೂರು ತಿಂಗಳಿಗೆ 90,000. ಮೇಲೆ ಜಿಎಸ್‌ಟಿ ಶೇ 18, ಅಂದರೆ 16,200. ಒಟ್ಟು 1,06,200. ಅರ್ಧ ಅಡ್ವಾನ್ಸ್, ಉಳಿದಿದ್ದು ಫ್ಲೆಕ್ಸ್ ಕಟ್ಟಿದ ದಿನ. ಪ್ರಿಂಟ್ ಮತ್ತು ಫ್ರೇಮ್ ಖರ್ಚು ನಮ್ಮದೇ.

ನಾನು ಕೇಳಲಿಲ್ಲ ಅಂತಲ್ಲ. ಕೇಳಿದೆ. "ಪಾಲಿಕೆ ಪರ್ಮಿಷನ್ ಇದೆಯಾ?" ಅಂತ ಎರಡು ಸಲ ಕೇಳಿದೆ. ಅವನು ಬ್ಯಾಗಿನಿಂದ ಪ್ಲಾಸ್ಟಿಕ್ ಫೋಲ್ಡರ್ ತೆಗೆದ. ಒಳಗೆ ಎರಡು ಹಾಳೆ ಜೆರಾಕ್ಸ್. ಕೆಳಗೆ ದುಂಡಗೆ ಸೀಲು, ಸಹಿ. "ನೋಡ್ರಿ, ಕಮಿಷನರ್ ಪರ್ಮಿಷನ್ನೇ ಐತಿ" ಅಂದ. ಸೀಲು ನೋಡಿದೆ, ಸಹಿ ನೋಡಿದೆ, ಮೊಬೈಲಲ್ಲಿ ಒಂದು ಫೋಟೋನೂ ತೆಗೆದುಕೊಂಡೆ. ಅಷ್ಟಕ್ಕೇ ಬಿಟ್ಟೆ. ಓದಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇದ್ದರು, ಹಬ್ಬದ ಗಡಿಬಿಡಿ.

ಫ್ಲೆಕ್ಸಿನಲ್ಲಿ ನಮ್ಮ ಅಣ್ಣನ ಮಗಳ ಫೋಟೋ ಹಾಕಿಸಿದ್ದೆವು. ಹಸಿರು ಲಂಗ, ಕೆಂಪು ರವಿಕೆ, ಕೈಯಲ್ಲಿ ಬೇವು ಬೆಲ್ಲದ ಬಟ್ಟಲು. ಕಟ್ಟಿದ ದಿನ ಮನೆಯವರೆಲ್ಲ ಹೋಗಿ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆವು. ಮಗು ಕುಣಿದಾಡಿತು. ಉಳಿದ ಅರ್ಧ ದುಡ್ಡು ಅಲ್ಲೇ ನಿಂತು ಫೋನ್‌ಪೇ ಮಾಡಿದೆ.

ಒಂಬತ್ತನೇ ದಿನ. ಬೆಳಗ್ಗೆ ಹತ್ತೂವರೆಗೆ ಪರಿಚಯದ ಆಟೋದವರು ಫೋನ್ ಮಾಡಿದರು. "ಅಕ್ಕ, ನಿಮ್ಮ ಬೋರ್ಡ್ ಕುಯ್ತಾ ಇದಾರೆ." ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಪಾಲಿಕೆ ಟ್ರ್ಯಾಕ್ಟರ್ ನಿಂತಿತ್ತು. ಇಬ್ಬರು ಕಾರ್ಮಿಕರು ಫ್ಲೆಕ್ಸನ್ನು ಹಾಸಿಗೆ ಮಡಚಿದ ಹಾಗೆ ಮಡಚಿ ಮೇಲೆ ಎಸೆದರು. ಮಗುವಿನ ಅರ್ಧ ಮುಖ ಮೇಲೆ ಕಾಣುತ್ತಿತ್ತು. ಅದರ ಮೇಲೆ ಒಬ್ಬರು ಚಪ್ಪಲಿ ಕಾಲಿಟ್ಟು ಹತ್ತಿ ಇನ್ನೊಂದು ಬೋರ್ಡ್ ಎಳೆದುಕೊಂಡರು. ಅವರ ಕೆಲಸ ಅವರು ಮಾಡಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸುತ್ತ ನಿಂತು ನೋಡುತ್ತಿದ್ದವರಲ್ಲಿ ನಮ್ಮ ಗಿರಾಕಿಗಳೂ ಇದ್ದರು. ಆ ಅವಮಾನ ಮರೆಯೋಕೆ ಆಗುತ್ತಿಲ್ಲ.

ಮಧ್ಯಾಹ್ನ ಪಾಲಿಕೆಯಿಂದ ನನಗೇ ಫೋನ್. ಏಜೆನ್ಸಿಗಲ್ಲ, ಮಾಲ್‌ಗಲ್ಲ, ನನಗೆ! ಯಾಕೆಂದರೆ ಫ್ಲೆಕ್ಸಿನ ಮೇಲೆ ಇದ್ದಿದ್ದು ನಮ್ಮ ಅಂಗಡಿ ಹೆಸರು, ನಮ್ಮ ನಂಬರ್. ಅವನ ಹೆಸರು ಎಲ್ಲೂ ಇಲ್ಲ. ದುಡ್ಡು ತಿಂದವನ ಹೆಸರು ಎಲ್ಲೂ ಇಲ್ಲ.

ಹೋದೆ. ಅಲ್ಲಿದ್ದ ಮೇಡಂ ಕೂರಿಸಿ ಮಾತಾಡಿದರು. ನನ್ನ ಮೊಬೈಲಲ್ಲಿದ್ದ ಫೋಟೋ ತೋರಿಸಿ "ಪರ್ಮಿಷನ್ ಇದೆ ಮೇಡಂ" ಅಂದೆ. ಅವರು ಎರಡು ಬೆರಳಲ್ಲಿ ದೊಡ್ಡದು ಮಾಡಿ ನನ್ನ ಕಡೆ ತಿರುಗಿಸಿದರು. "ಇಲ್ಲಿ ಓದಿ" ಅಂದರು. "ಸದರಿ ಕಟ್ಟಡದ ಸ್ವಂತ ನಾಮಫಲಕಕ್ಕೆ ಮಾತ್ರ" ಅಂತಿತ್ತು. ಅವಧಿ ಹಿಂದಿನ ವರ್ಷದ ಮಾರ್ಚ್ 31ಕ್ಕೇ ಮುಗಿದಿತ್ತು. ಎಲ್ಲಾ ಕನ್ನಡದಲ್ಲೇ ಇತ್ತು. ಅಚ್ಚ ಕನ್ನಡದಲ್ಲಿ. ನನ್ನದೇ ಫೋನಿನಲ್ಲಿ ಹದಿನೈದು ದಿನದಿಂದ ಇತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಮಾಲ್ ಒಳಗೇ ಇರುವ ಅಂಗಡಿ ತನ್ನ ಹೆಸರಿನ ಬೋರ್ಡ್ ಹಾಕಿಕೊಳ್ಳುವುದು ಒಂದು ಲೆಕ್ಕ. ಎಲ್ಲೋ ಮಂಡಿಪೇಟೆಯಲ್ಲಿರುವ ಅಂಗಡಿ ತನ್ನ ಜಾಹೀರಾತನ್ನು ಮಾಲ್ ಗೋಡೆಗೆ ಹಾಕುವುದು ಬೇರೆ ಲೆಕ್ಕ. 1976ರ ಕರ್ನಾಟಕ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲೇ ಈ ವ್ಯತ್ಯಾಸ ಇದೆ. ಆ ಕಟ್ಟಡದಲ್ಲಿ ನಡೆಯುವ ವ್ಯಾಪಾರದ ಜಾಹೀರಾತಿಗೆ ಇರುವ ರಿಯಾಯಿತಿ ಹೊರಗಿನವರ ಜಾಹೀರಾತಿಗೆ ಸಿಗುವುದಿಲ್ಲ. ಅದಕ್ಕೆ ಆಯುಕ್ತರ ಲಿಖಿತ ಅನುಮತಿ ಬೇಕೇ ಬೇಕು. ಗೋಡೆ ಮಾಲ್‌ನವರ ಸ್ವಂತದ್ದೇ ಇರಬಹುದು, ಅವರು ಬಾಡಿಗೆಗೂ ಕೊಡಬಹುದು. ಆದರೂ ಅನುಮತಿ ಬೇಕು. ನಾನು ಇಷ್ಟು ದಿನ ಗೋಡೆ ಯಾರದ್ದೋ ಅವರು ಒಪ್ಪಿದರೆ ಸಾಕು ಅಂದುಕೊಂಡಿದ್ದೆ. ನಮ್ಮ ಪೇಟೆಯಲ್ಲಿ ಮುಕ್ಕಾಲು ಜನ ಹಾಗೇ ಅಂದುಕೊಂಡಿದ್ದಾರೆ.

ಇನ್ನೊಂದು ಮಾತು ಹೇಳಿದರು. ಫ್ಲೆಕ್ಸೇ ರಾಜ್ಯದಲ್ಲಿ 2016ರ ಮಾರ್ಚ್‌ನಿಂದ ನಿಷೇಧ. ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್, ತಟ್ಟೆ, ಲೋಟದ ಜೊತೆ ಅದೂ ಸೇರಿದೆ. ಪ್ರಿಂಟ್ ಮಾಡಿಕೊಟ್ಟವರೂ ಹೇಳಲಿಲ್ಲ, ಏಜೆನ್ಸಿಯವನೂ ಹೇಳಲಿಲ್ಲ. 5,400 ತೆಗೆದುಕೊಂಡು ಪ್ರಿಂಟ್ ಮಾಡಿ ಕೊಟ್ಟರು, ಅಷ್ಟೆ.

ಈಗ ಅವನ ಉತ್ತರಗಳನ್ನು ಕೇಳಿ. ಮೊದಲ ದಿನ: "ಅಕ್ಕಾರೆ ಟೆನ್ಷನ್ ತಗೋಬ್ಯಾಡ್ರಿ, ನಾಳೆ ಮತ್ತೆ ಕಟ್ಟಿಸ್ತೀನಿ." ನಾಳೆ ಬರಲೇ ಇಲ್ಲ. ಮೂರನೇ ದಿನ: "ಎಲ್ಲಾ ಕಡೆ ಹಿಂಗೇ ನಡಿಯೋದು, ನಿಮ್ಮದೊಂದೇ ಕಣ್ಣಿಗೆ ಬಿತ್ತು, ನಿಮ್ಮ ಟೈಮ್ ಸರಿ ಇಲ್ಲ." ನನ್ನ ಟೈಮ್ ಸರಿ ಇಲ್ಲವಂತೆ! ಆಮೇಲೆ: "ಸೈಟ್ ಕೊಡಿಸೋದಷ್ಟೇ ನಮ್ಮ ಕೆಲಸ, ಪರ್ಮಿಷನ್ ಪಾರ್ಟಿಯವರೇ ಮಾಡಿಸ್ಕೋಬೇಕು." ಹಾಗಾದರೆ ಆ ಫೋಲ್ಡರ್ ಯಾಕೆ ತೋರಿಸಿದೆ ಅಂತ ಕೇಳಿದೆ. "ಅದು ಮಾಲ್‌ದು, ನಾನು ನಿಮ್ಮದು ಅಂತ ಹೇಳಿಲ್ಲ" ಅಂದ. ಅವತ್ತು ನನ್ನ ಕೌಂಟರ್ ಮುಂದೆ ನಿಂತು "ಪರ್ಮಿಷನ್ನೇ ಐತಿ" ಅಂದ ಬಾಯಿ ಇದೇ.

ಟ್ಯಾಕ್ಸ್ ವಿಷಯ ಕೇಳಿದ್ದಕ್ಕೆ ಇನ್ನೊಂದು ಬುರುಡೆ. "ಜಿಎಸ್‌ಟಿ ಬಂದಮೇಲೆ ಪಾಲಿಕೆದು ಏನೂ ಇಲ್ಲಕ್ಕ, ಎಲ್ಲಾ ಅದರಾಗೇ ಬಂತು." ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ನಂಬಿಬಿಡುತ್ತೇವೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಜಾಹೀರಾತು ತೆರಿಗೆ ಅದರಲ್ಲಿ ಸೇರಿತು, ಸರಿ. ಆದರೆ ಅನುಮತಿ ಎಲ್ಲಿ ಹೋಯಿತು? ತೆರಿಗೆ ಬೇರೆ, ಅನುಮತಿ ಬೇರೆ. ಆ ಜಿಎಸ್‌ಟಿಯಾದರೂ ಕಟ್ಟಿದ್ದಾನಾ? ಅವನು ಕೊಟ್ಟ ಕಾಗದ ತೆಗೆದು ನೋಡಿದರೆ ಅದು ಬಿಲ್ಲೇ ಅಲ್ಲ, ಕೊಟೇಷನ್. ಜಿಎಸ್‌ಟಿ ನಂಬರ್ ಜಾಗದಲ್ಲಿ ಏನೂ ಇಲ್ಲ. ನಮ್ಮ ರಾಜ್ಯದ್ದಾದರೆ 29ರಿಂದ ಶುರುವಾಗುವ ಹದಿನೈದು ಅಕ್ಷರ-ಅಂಕಿ ಇರಬೇಕು. ನಾನೂ ಜಿಎಸ್‌ಟಿ ಕಟ್ಟುವವಳೇ, ದಿನಾ ಬಿಲ್ ಹಾಕುವವಳೇ. ಆದರೂ ಹದಿನಾರು ಸಾವಿರದ ಇನ್ನೂರು ಹಾಗೇ ಕೊಟ್ಟುಬಿಟ್ಟೆ.

ಮಾಲ್ ಮ್ಯಾನೇಜರ್ ಹತ್ತಿರ ಹೋದೆ. ಒಂದು ಗಂಟೆ ಕಾಯಿಸಿದರು. "ನಾವು ಗೋಡೆ ಏಜೆನ್ಸಿಗೆ ಕೊಟ್ಟಿದ್ದೀವಿ, ನೀವು ನಮಗೆ ದುಡ್ಡು ಕೊಟ್ಟಿದ್ದೀರಾ? ಇಲ್ಲ ಅಲ್ವಾ?" ಅಂದರು. ಅಷ್ಟೇ. ನೀರು ಕುಡಿಯಿರಿ ಅಂತಲೂ ಅನ್ನಲಿಲ್ಲ.

ಬಾಡಿಗೆ, ಪ್ರಿಂಟು, ಫ್ರೇಮು ಎಲ್ಲಾ ಸೇರಿ 1,18,100. ಒಂಬತ್ತು ದಿನಕ್ಕೆ. ದಿನಕ್ಕೆ ಹದಿಮೂರು ಸಾವಿರದ ಮೇಲಾಯಿತು. ಬೋರ್ಡ್ ತೆಗೆಸಿದ ಖರ್ಚು ಅಂತ ಪಾಲಿಕೆಗೆ ಕಟ್ಟಿದ್ದು ಬೇರೆ. ಆ ಒಂಬತ್ತು ದಿನದಲ್ಲಿ ಬೋರ್ಡ್ ನೋಡಿ ಬಂದೆವು ಅಂದ ಗಿರಾಕಿ ಮೂರು ಜನ.

ದುಡ್ಡಿಗಿಂತ ಜಾಸ್ತಿ ಹೆದರಿಸುವುದು ಇನ್ನೊಂದು. ಆ ಫ್ರೇಮನ್ನು ಗೋಡೆಗೆ ಬರೀ ಬೈಂಡಿಂಗ್ ವೈರಲ್ಲಿ ಬಿಗಿದಿದ್ದರು. ಕೆಳಗೆ ಬೈಕ್ ನಿಲ್ಲಿಸುವ ಜಾಗ. ಯುಗಾದಿ ಕಳೆದ ಮೇಲೆ ನಮ್ಮ ಊರಲ್ಲಿ ಸಂಜೆ ಹೊತ್ತು ಎಂಥ ಗಾಳಿ ಬೀಸುತ್ತದೆ, ನಿಮಗೆ ಗೊತ್ತು. ಮುಂಬೈನ ಘಾಟ್ಕೋಪರ್‌ನಲ್ಲಿ 2024ರ ಮೇ 13ರಂದು ಗಾಳಿ ಮಳೆಗೆ ಪೆಟ್ರೋಲ್ ಬಂಕ್ ಮೇಲೆ ಹೋರ್ಡಿಂಗ್ ಬಿತ್ತಲ್ಲ, 120 ಅಡಿ ಉದ್ದ, 120 ಅಡಿ ಅಗಲದ್ದು. 17 ಜನ ಹೋದರು. ನಮ್ಮದು ಅಷ್ಟು ದೊಡ್ಡದಲ್ಲ. ಆದರೆ ಒಂದು ಮಗುವಿನ ತಲೆ ಮೇಲೆ ಬೀಳೋಕೆ ಅಷ್ಟು ದೊಡ್ಡದಿರಬೇಕಾಗಿಲ್ಲ. ಬಿದ್ದಿದ್ದರೆ ಪೊಲೀಸರೂ ಅದೇ ನಂಬರ್‌ಗೇ ಫೋನ್ ಮಾಡುತ್ತಿದ್ದರು. ನನ್ನ ನಂಬರ್‌ಗೆ.

ದಯವಿಟ್ಟು ಯಾರಾದರೂ ಫೋಲ್ಡರ್ ತೆಗೆದು ತೋರಿಸಿದರೆ ಸೀಲು ನೋಡಬೇಡಿ, ಸಾಲು ಓದಿ. ಯಾರ ಜಾಹೀರಾತಿಗೆ ಅಂತ ಬರೆದಿದೆ, ಯಾವ ಗೋಡೆ, ಎಷ್ಟು ಅಡಿ, ಯಾವ ತಾರೀಖಿನವರೆಗೆ. ಆ ಜೆರಾಕ್ಸ್ ಹಿಡಿದುಕೊಂಡು ನೀವೇ ಪಾಲಿಕೆಗೆ ಹೋಗಿ ಕೇಳಿ. ಅರ್ಧ ದಿನದ ಕೆಲಸ. ನನಗೆ ಆ ಅರ್ಧ ದಿನ ಇರಲಿಲ್ಲ, ಈಗ ಒಂದೂವರೆ ತಿಂಗಳಿಂದ ಓಡಾಡುತ್ತಿದ್ದೇನೆ. ನಗದು ಕೇಳಿದರೆ, ಬಿಲ್ ನಾಳೆ ಕೊಡ್ತೀನಿ ಅಂದರೆ ಅಲ್ಲೇ ಎದ್ದು ಹೋಗು ಅನ್ನಿ.

ವಕೀಲರ ಕಡೆಯಿಂದ ನೋಟಿಸ್ ಕಳಿಸಿದ್ದೇನೆ. ಅವನು ಫೋನ್ ಎತ್ತುತ್ತಿಲ್ಲ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಾತ್ರ ನಿನ್ನೆ ರಾತ್ರಿ ಅದೇ ಗೋಡೆ ಫೋಟೋ ಹಾಕಿದ್ದಾನೆ, "ಪ್ರೈಮ್ ಸೈಟ್ ಬುಕ್ ಆಗಿದೆ" ಅಂತ.

ಬುಕ್ ಮಾಡಿದವರು ನೀವೇ ಆಗಿದ್ದರೆ, ಉಳಿದ ಅರ್ಧ ದುಡ್ಡು ಇನ್ನೂ ಕೊಟ್ಟಿಲ್ಲದಿದ್ದರೆ, ಕೊಡಬೇಡಿ. ಈಗಾಗಲೇ ಕಳೆದುಕೊಂಡವರು ಇದ್ದರೆ ಫೋನ್‌ಪೇ ಮಾಡಿದ ಸ್ಕ್ರೀನ್‌ಶಾಟ್, ಅವನು ಕೊಟ್ಟ ಕಾಗದ ಎರಡನ್ನೂ ತೆಗೆದಿಟ್ಟುಕೊಂಡು ನನಗೆ ತಿಳಿಸಿ. ನಾಲ್ಕು ಜನ ಸೇರಿದರೆ ಒಟ್ಟಿಗೆ ಹೋಗಿ ಕಂಪ್ಲೇಂಟ್ ಕೊಡೋಣ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ಗಿರಾಕಿ ಕಮ್ಮಿ, ಕೂತು ಮಾತಾಡಬಹುದು.