ಸ್ವಂತ ಸರ್ವರ್‌ನ ನೆಕ್ಸ್ಟ್‌ಕ್ಲೌಡ್‌ಗೆ ಪೋಸ್ಟ್‌ಫಿಕ್ಸ್ ರಿಲೇ: ದೀರ್ಘ ಬಳಕೆಯ ವಿಮರ್ಶೆ

ಸ್ವಂತ ಸರ್ವರ್‌ನಲ್ಲಿ ಫೈಲ್ ಇಟ್ಟು ಹಂಚುವ ನೆಕ್ಸ್ಟ್‌ಕ್ಲೌಡ್‌ನಲ್ಲೇ ಎಸ್‌ಎಂಟಿಪಿ (ಮೇಲ್ ಕಳಿಸುವ ವಿಧಾನ) ವಿವರ ತುಂಬಿದರೂ ಮೇಲ್ ಹೋಗುತ್ತದೆ. ಹಾಗಿದ್ದ ಮೇಲೆ ನಡುವೆ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ ಯಾಕೆ ಬೇಕು? ಕ್ಯೂಗಾಗಿ, ಅಂದರೆ ಹೋಗದ ಮೇಲ್ ಕಾದಿರುವ ಸಾಲಿಗಾಗಿ. ಹೊರಗಿನ ಮೇಲ್ ಸೇವೆ ಹತ್ತು ನಿಮಿಷ ಕೈಕೊಟ್ಟರೂ ಆ ಹೊತ್ತಿನ ಪಾಸ್‌ವರ್ಡ್ ರೀಸೆಟ್ ಮೇಲ್ ಕಳೆದುಹೋಯಿತೆಂದೇ ಲೆಕ್ಕ. ಪೋಸ್ಟ್‌ಫಿಕ್ಸ್ ಅದನ್ನು ಹಿಡಿದಿಟ್ಟುಕೊಂಡು, ನಾವೇನೂ ಬದಲಿಸದಿದ್ದರೆ, 5 ದಿನದವರೆಗೆ ಮತ್ತೆ ಮತ್ತೆ ಕಳಿಸಲು ನೋಡುತ್ತದೆ. ಅದೇ ಸರ್ವರ್‌ನಲ್ಲಿ ಗಿಟೀ (ಕೋಡ್ ಇಡುವ ಆಪ್), ವಾಲ್ಟ್‌ವಾರ್ಡನ್ (ಪಾಸ್‌ವರ್ಡ್ ಇಡುವ ಆಪ್) ಇದ್ದರೆ ರಿಲೇ (ಮೇಲನ್ನು ಮುಂದೆ ದಾಟಿಸುವ ಹೊರಗಿನ ಸೇವೆ) ಪಾಸ್‌ವರ್ಡ್ ಒಂದೇ ಕಡೆ ಇರುತ್ತದೆ ಎಂಬುದು ಇನ್ನೊಂದು ಅನುಕೂಲ.

ಡೆಬಿಯನ್ 12 ಲಿನಕ್ಸ್‌ನಲ್ಲಿ ಕೆಲಸ ಅರ್ಧ ಗಂಟೆಯದು. ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ ಫೈಲಿನ ರಿಲೇಹೋಸ್ಟ್ ಸಾಲಿನಲ್ಲಿ ಸೇವೆಯ ಹೆಸರನ್ನು ಚೌಕ ಆವರಣದೊಳಗೆ ಬರೆದು, ಮುಂದೆ 587 ಪೋರ್ಟ್ ಹಾಕಿ. ಆವರಣ ಬಿಟ್ಟರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ ದಾಖಲೆ (ಆ ಹೆಸರಿಗೆ ಬರುವ ಮೇಲ್ ಯಾವ ಸರ್ವರ್‌ಗೆ ಎಂಬ ವಿವರ) ಹುಡುಕಿಕೊಂಡು ಬೇರೆ ಕಡೆ ಹೋಗುತ್ತದೆ. ಪೋರ್ಟ್ 25ರ ಆಸೆ ಬಿಡಿ, ಬಹಳಷ್ಟು ಕ್ಲೌಡ್ ಕಂಪನಿಗಳು ಅದನ್ನು ಹೊರಮುಖವಾಗಿ ಮುಚ್ಚಿರುತ್ತವೆ. ಪಾಸ್‌ವರ್ಡ್ ಫೈಲಿಗೆ 600 ಅನುಮತಿ (ಮಾಲೀಕ ಮಾತ್ರ ಓದಿ ಬರೆಯುವಂತೆ) ಕೊಡಿ; ಅದನ್ನು ತಿದ್ದಿದಾಗಲೆಲ್ಲ ಪೋಸ್ಟ್‌ಮ್ಯಾಪ್ (ಫೈಲನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಆದೇಶ) ಓಡಿಸಬೇಕು, ಇಲ್ಲವಾದರೆ ಹಳೆಯ ಪಾಸ್‌ವರ್ಡೇ ಹೋಗುತ್ತಿರುತ್ತದೆ. ಲಾಗ್‌ನಲ್ಲಿ 'ನೋ ಮೆಕ್ಯಾನಿಸಂ ಅವೈಲಬಲ್' ಕಂಡರೆ ಪಾಸ್‌ವರ್ಡ್ ಕೆದಕಬೇಡಿ. ಲಾಗಿನ್ ವಿಧಾನಗಳನ್ನು ಒದಗಿಸುವ ಲಿಬ್‌ಸಾಸ್ಲ್2-ಮಾಡ್ಯೂಲ್ಸ್ ಪ್ಯಾಕೇಜ್ ಇದೆಯೇ ನೋಡಿ. ಪೋಸ್ಟ್‌ಫಿಕ್ಸ್ ಲೂಪ್‌ಬ್ಯಾಕ್‌ನಲ್ಲಿ (ಅದೇ ಯಂತ್ರದೊಳಗಿನ 127.0.0.1 ವಿಳಾಸ) ಮಾತ್ರ ಕೇಳುವಂತಿರಲಿ.

ಹೆಚ್ಚು ತಲೆ ತಿನ್ನುವುದು ಆಪ್ ಮತ್ತು ಪೋಸ್ಟ್‌ಫಿಕ್ಸ್ ನಡುವಿನ ನಾಲ್ಕಿಂಚು. ನೆಕ್ಸ್ಟ್‌ಕ್ಲೌಡ್‌ನಲ್ಲಿ 127.0.0.1, ಪೋರ್ಟ್ 25, ಎನ್‌ಕ್ರಿಪ್ಶನ್ ಬೇಡ ಎಂದು ಕೊಟ್ಟರೂ 'ಸರ್ಟಿಫಿಕೇಟ್ ವೆರಿಫೈ ಫೇಲ್ಡ್' ಬರಬಹುದು. ಡೆಬಿಯನ್‌ನ ಪೋಸ್ಟ್‌ಫಿಕ್ಸ್ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್ ಇಟ್ಟುಕೊಂಡು ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ) ಇದೆ ಎನ್ನುತ್ತದೆ. ನಾವು ಕೇಳದೆಯೇ ಆಪ್ ಅದನ್ನು ಹಿಡಿದು, ಸರ್ಟಿಫಿಕೇಟ್ ನಂಬದೆ ಸಂಪರ್ಕ ಬಿಟ್ಟುಬಿಡುತ್ತದೆ. ಒಳಬರುವ ಸಂಪರ್ಕದ ಟಿಎಲ್‌ಎಸ್ ಮಟ್ಟವನ್ನು 'ನನ್' ಮಾಡಿದರೆ ಮುಗಿಯಿತು, ಲೂಪ್‌ಬ್ಯಾಕ್‌ಗೆ ಅಷ್ಟು ಸಾಕು. ಹೊರಹೋಗುವ ಕಡೆ ಮಾತ್ರ 'ಎನ್‌ಕ್ರಿಪ್ಟ್' ಇರಲೇಬೇಕು. ಆಪ್ ಡಾಕರ್‌ನಲ್ಲಿದ್ದರೆ (ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯೊಳಗೆ ಆಪ್ ಓಡಿಸುವ ವ್ಯವಸ್ಥೆ) 127.0.0.1 ಎಂದರೆ ಆ ಕಂಟೇನರೇ. ಆಗ ಪೋಸ್ಟ್‌ಫಿಕ್ಸ್ ಡಾಕರ್ ಬ್ರಿಡ್ಜ್ (ಕಂಟೇನರ್‌ಗಳನ್ನು ಸರ್ವರ್‌ಗೆ ಜೋಡಿಸುವ ಒಳ ನೆಟ್‌ವರ್ಕ್) ವಿಳಾಸದಲ್ಲೂ ಕೇಳಬೇಕು, ಆ ನೆಟ್‌ವರ್ಕ್ ಮೈನೆಟ್‌ವರ್ಕ್ಸ್‌ನಲ್ಲಿ (ಮೇಲ್ ದಾಟಿಸಲು ಅನುಮತಿ ಇರುವವರ ಪಟ್ಟಿ) ಇರಬೇಕು.

ಟೆಸ್ಟ್ ಮೇಲ್ ಬಂತೆಂದು ಸಂಭ್ರಮಿಸುವವರೇ ಹೆಚ್ಚು. ಆದರೆ ನೆಕ್ಸ್ಟ್‌ಕ್ಲೌಡ್‌ನ ಬ್ಯಾಕ್‌ಗ್ರೌಂಡ್ ಕೆಲಸ ಎಜಾಕ್ಸ್ ಮೋಡ್‌ನಲ್ಲೇ ಉಳಿದಿದ್ದರೆ ಚಟುವಟಿಕೆಯ ಮೇಲ್‌ಗಳು ಯಾರಾದರೂ ಪುಟ ತೆರೆದಾಗಲಷ್ಟೇ ಹೊರಡುತ್ತವೆ. 5 ನಿಮಿಷಕ್ಕೊಮ್ಮೆ ಓಡುವ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಕೆಲಸ ನಡೆಸುವ ಲಿನಕ್ಸ್ ಸೌಲಭ್ಯ) ಹಾಕಿ.

ಲಾಗ್‌ನಲ್ಲಿ 'ಸೆಂಟ್', 250 ಎಂದಿದ್ದರೆ ರಿಲೇ ಒಪ್ಪಿಕೊಂಡಿದೆ ಎಂದಷ್ಟೇ ಅರ್ಥ. ಇನ್‌ಬಾಕ್ಸ್ ಸೇರುವುದು ಡಿಎನ್‌ಎಸ್ (ಡೊಮೇನ್‌ನ ದಾಖಲೆಗಳು) ಕೈಯಲ್ಲಿದೆ. 2024ರ ಫೆಬ್ರುವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಂದಲೂ ಎಸ್‌ಪಿಎಫ್ (ಡೊಮೇನ್ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದೆಂಬ ದಾಖಲೆ) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಕೇಳುತ್ತದೆ. ಎರಡನ್ನೂ ಹಾಕಿ, ಇವು ತಪ್ಪಿದರೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಸೇರಿಸಿ. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹೊಸ ಸೇವೆಗೆಂದು ಎರಡನೆಯದನ್ನು ಸೇರಿಸಿದರೆ ಎರಡೂ ಕೆಡುತ್ತವೆ.

ಐದಕ್ಕೆ ನಾಲ್ಕು ಅಂಕ. ಒಂದನ್ನು ಕಳೆದದ್ದು ಮೌನಕ್ಕೆ. ರಿಲೇ ಪಾಸ್‌ವರ್ಡ್ ಸತ್ತರೆ ಕ್ಯೂ ಸದ್ದಿಲ್ಲದೆ ಬೆಳೆಯುತ್ತದೆ, ಮೇಲ್ ಹೋಗುತ್ತಿಲ್ಲ ಎಂದು ಮೇಲ್ ಮಾಡುವ ದಾರಿಯೂ ಇರುವುದಿಲ್ಲವಲ್ಲ! ಮೇಲ್‌ಕ್ಯೂ ಎಣಿಕೆ 20 ದಾಟಿದರೆ ಟೆಲಿಗ್ರಾಂಗೆ ಹೇಳುವ ಪುಟ್ಟ ಸ್ಕ್ರಿಪ್ಟ್ ಬರೆದಿಡಿ. ನೋ-ರಿಪ್ಲೈ ವಿಳಾಸವೂ ಯಾರಾದರೂ ತೆರೆದು ನೋಡುವ ಮೇಲ್‌ಬಾಕ್ಸ್ ಆಗಿರಲಿ, ಬೌನ್ಸ್‌ಗಳು (ಮೇಲ್ ತಲುಪಲಿಲ್ಲ ಎಂಬ ಸೂಚನೆಗಳು) ಬರುವುದು ಅಲ್ಲಿಗೇ.