ಸಣ್ಣ ಆಪ್‌ಗೆ ಸ್ಟೋರ್ ಬೇಕಾ, ವೆಬ್ ಆಪ್ ಸಾಕಾ?

ನನ್ನ ಓಟು ವೆಬ್ ಆಪ್‌ಗೆ, ಅಂದರೆ ಬ್ರೌಸರ್‌ನಲ್ಲೇ ತೆರೆಯುವ ಆಪ್‌ಗೆ. ಮನೆಮನೆಗೆ ಹಾಲು ಹಾಕುವವರ ತಿಂಗಳ ಲೆಕ್ಕಕ್ಕೆ ಒಂದು ಆಪ್ ಮಾಡಿದ್ದೇನೆ. ಅದನ್ನು ಸ್ಟೋರ್‌ಗೆ ಹಾಕಿ ನೋಡಿದೆ, ಎಪಿಕೆ ಫೈಲ್ (ಸ್ಟೋರ್ ಇಲ್ಲದೆ ನೇರವಾಗಿ ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳುವ ಆಪ್ ಫೈಲ್) ಕಳಿಸಿ ನೋಡಿದೆ, ವೆಬ್ ಆಪ್ ಮಾಡಿಯೂ ಕೊಟ್ಟೆ. ಈಗ ನಮ್ಮ ಏರಿಯಾದವರ ಫೋನಿನಲ್ಲಿ ಓಡುತ್ತಿರುವುದು ವೆಬ್ ಆಪ್.

ಸ್ಟೋರ್‌ನಲ್ಲಿ ನನ್ನನ್ನು ಸುಸ್ತು ಮಾಡಿದ್ದು ಓಟಿಪಿ. ಇಮೇಲ್, ಪಾಸ್‌ವರ್ಡ್ ಅಂದರೆ ಹಾಲಿನವರೂ ಬಳಸುವುದಿಲ್ಲ, ಗಿರಾಕಿಗಳೂ ನೆನಪಿಡುವುದಿಲ್ಲ. ಎಲ್ಲರಿಗೂ ಬಾಯಿಗೆ ಬರುವುದು ಮೊಬೈಲ್ ನಂಬರ್ ಒಂದೇ. ಅದಕ್ಕೇ ಓಟಿಪಿ ಲಾಗಿನ್ ಇಟ್ಟೆ. ಆದರೆ ಸ್ಟೋರ್‌ಗೆ ಬಿಡುವ ಮೊದಲು ಆಪ್ ಪರಿಶೀಲಿಸುವವರ ಹತ್ತಿರ +91 ನಂಬರ್ ಇಲ್ಲದಿದ್ದರೆ ಮೊದಲ ಪರದೆಯನ್ನೇ ದಾಟಲು ಆಗುವುದಿಲ್ಲ. 'ಲಾಗಿನ್ ಆಗಲಿಲ್ಲ' ಅಂತ ರಿಜೆಕ್ಟ್ ಆಯಿತು.

ಒಂದು ಟೆಸ್ಟ್ ನಂಬರ್, ಅದಕ್ಕೆ ಬದಲಾಗದ ಓಟಿಪಿ ಮಾಡಿ, ಎರಡನ್ನೂ ಪರಿಶೀಲಕರಿಗೆ ಬರೆಯುವ ಜಾಗದಲ್ಲಿ ಬರೆದೆ. ಮತ್ತೆ ಅದೇ ಉತ್ತರ, ಅಕ್ಷರವೂ ಬದಲಾಗದೆ. ಕೊನೆಗೆ ಲಾಗಿನ್ ಆಗುವುದನ್ನು ವಿಡಿಯೋ ಮಾಡಿ, ಪ್ರತಿ ಕನ್ನಡ ಬಟನ್‌ಗೂ ಇಂಗ್ಲಿಷಿನಲ್ಲಿ ವಿವರಣೆ ಬರೆದು ಕಳಿಸಿದೆ. ಲಾಗಿನ್ ದಾಟಿತು. ಆಮೇಲೆ ಪ್ರೈವಸಿ ಪಾಲಿಸಿ ಬಗ್ಗೆ ತಕರಾರು, ಅದು ಮುಗಿದ ಮೇಲೆ ಸ್ಕ್ರೀನ್‌ಶಾಟ್ ಬಗ್ಗೆ. ನಿಯಮ ಇರಲಿ, ಬೇಕು ಕೂಡ. ಜನರ ಫೋನ್ ನಂಬರ್ ಇಟ್ಟುಕೊಳ್ಳುವ ಆಪ್ ಅಲ್ವಾ? ಆದರೆ ಇರುವ ತಕರಾರನ್ನೆಲ್ಲ ಒಂದೇ ಸಲ ಹೇಳಿದ್ದರೆ ಒಂದೇ ಸಲ ಸರಿ ಮಾಡುತ್ತಿದ್ದೆ. ಒಂದೊಂದಕ್ಕೂ ಮತ್ತೆ ಸರದಿಯಲ್ಲಿ ನಿಲ್ಲಿಸುವುದು ಒಬ್ಬನೇ ಕೂತು ಆಪ್ ಮಾಡುವವನಿಗೆ ಅನ್ಯಾಯ.

ವೆಬ್ ಆಪ್‌ನ ಲಾಭ ಇಲ್ಲೇ. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪ್ಯಾಕೆಟ್‌ಗೆ 50 ಮಿಲಿ ಸೇರಿಸಿ 2 ರೂಪಾಯಿ ಜಾಸ್ತಿ ಮಾಡಿದರು. ಅರ್ಧ ಲೀಟರ್ ಪ್ಯಾಕೆಟ್ ಹೋಗಿ 550 ಮಿಲಿ ಬಂತು. ಇಂಥದ್ದು ಬಂದರೆ ಬಟನ್ ಬದಲಾಗಬೇಕು, ಬಿಲ್ಲಿನ ಸಾಲು ಬದಲಾಗಬೇಕು. ವೆಬ್‌ನಲ್ಲಿ ರಾತ್ರಿ ಬದಲಾಯಿಸಿದರೆ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಹೊಸ ಲೆಕ್ಕ ಬಂದಿರುತ್ತದೆ. ಯಾರ ಒಪ್ಪಿಗೆಗೂ ಕಾಯಬೇಕಿಲ್ಲ.

ಎಪಿಕೆ ಬೇಡವೇ ಬೇಡ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಕಳಿಸಿ ಹಣ ದೋಚುವ ಕಾಲ ಇದು. ಜನ ಹೆದರುವುದು ಸರಿಯಾಗಿಯೇ ಇದೆ.

ಖರ್ಚು ನೋಡಿ. ಆಪಲ್‌ಗೆ ವರ್ಷಕ್ಕೆ 99 ಡಾಲರ್. ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್, ಆದರೆ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಮೊದಲು 12 ಜನರಿಂದ 14 ದಿನ ಸತತವಾಗಿ ಟೆಸ್ಟ್ ಮಾಡಿಸಬೇಕು. ನನ್ನ ವೆಬ್ ಆಪ್‌ಗೆ ಡೊಮೇನ್ (ವೆಬ್ ವಿಳಾಸ) ದುಡ್ಡು ಸಾಕು. ಓಟಿಪಿ ಕಳಿಸುವ ಎಸ್ಸೆಮ್ಮೆಸ್ ಖರ್ಚು ಎಲ್ಲಿದ್ದರೂ ಇದ್ದದ್ದೇ.

ಕೊರತೆಯೂ ಇದೆ. ಐಫೋನ್‌ನಲ್ಲಿ ಶೇರ್ ಬಟನ್ ಒತ್ತಿ 'ಆಡ್ ಟು ಹೋಮ್ ಸ್ಕ್ರೀನ್' ಹುಡುಕಬೇಕು, ಇದನ್ನು ಪ್ರತಿಯೊಬ್ಬರಿಗೂ ಪಕ್ಕದಲ್ಲಿ ನಿಂತು ತೋರಿಸಬೇಕಾಯಿತು. ಹಾಗೆ ಸೇರಿಸಿದರೆ ಮಾತ್ರ ನೋಟಿಫಿಕೇಶನ್ ಬರುತ್ತದೆ, ಅದೂ 2023ರಲ್ಲಿ ಬಂದ ಐಓಎಸ್ 16.4ರಿಂದ ಈಚೆಗೆ.

ನನ್ನದು ಕೆಲಸ ಮುಗಿಸಿ ಬಂದು ರಾತ್ರಿ ಕೋಡ್ ಬರೆಯುವ ಅಭ್ಯಾಸ, ಆಪ್‌ನಿಂದ ಆದಾಯವಿಲ್ಲ. ಅದಕ್ಕೇ ವೆಬ್ ಆಪ್. ಆದರೆ ಫೋನ್ ಜೇಬಿನಲ್ಲಿದ್ದಾಗಲೂ ಹಾಲಿನ ಗಾಡಿ ಎಲ್ಲಿದೆ ಅಂತ ತೋರಿಸಬೇಕು ಅಂದರೆ ಇದರಿಂದ ಆಗದು. ಅಂಥ ಕೆಲಸ ಇದ್ದವರು ಸ್ಟೋರ್‌ಗೇ ಹೋಗಬೇಕು. ಟೆಸ್ಟ್ ನಂಬರ್, ಲಾಗಿನ್ ವಿಡಿಯೋ, ಇಂಗ್ಲಿಷ್ ವಿವರಣೆ ಮೂರನ್ನೂ ಮೊದಲ ಸಲವೇ ಜೊತೆಗೆ ಕಳಿಸಿ.